ಮನೆಗೆ ಮೊದಲ ವೆಲ್ಡಿಂಗ್ ಮಷಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಟೆರೇಸಿಗೊಂದು ಗಿಡದ ಸ್ಟ್ಯಾಂಡ್, ತೋಟದ ಗೇಟಿನ ಮುರಿದ ಕೀಲು, ಕೂರೋಕೆ ಒಂದು ಬೆಂಚು. ಇಷ್ಟನ್ನು ತಾವೇ ಮಾಡಿಕೊಳ್ಳಬೇಕು ಅನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಮೆಸೇಜಿನಲ್ಲಿ, ಫೋನಿನಲ್ಲಿ, ಹಾರ್ಡ್‌ವೇರ್ ಅಂಗಡಿ ಮುಂದೆ ನಿಂತು ಕೇಳಿದ್ದನ್ನೆಲ್ಲ ಒಂದೆಡೆ ಸೇರಿಸಿದ್ದೇನೆ. ಇದು ಭಾನುವಾರ ಬಿಡುವು ಮಾಡಿಕೊಂಡು ಕಬ್ಬಿಣದ ಜೊತೆ ಕೂರುವವರಿಗೆ, ದಿನವಿಡೀ ಗ್ರಿಲ್ ಕೆಲಸ ಮಾಡುವವರಿಗಲ್ಲ.

## ಶುರು ಮಾಡುವ ಮುಂಚೆ

ನಂಗೆ ವೆಲ್ಡಿಂಗ್ ಗಂಧಗಾಳಿ ಗೊತ್ತಿಲ್ಲ. ಯಾವ ಮಷಿನ್ ತಗೊಳ್ಳಲಿ, ಒಂದೇ ಮಾತಲ್ಲಿ ಹೇಳಿ?

ಸಿಂಗಲ್ ಫೇಸ್ ಇನ್ವರ್ಟರ್ ಆರ್ಕ್ ಮಷಿನ್. ಕರಗಿ ಜೋಡಿಸುವ ರಾಡ್ ಹಿಡಿದು, ಅದರ ತುದಿಗೂ ಕಬ್ಬಿಣಕ್ಕೂ ನಡುವೆ ಆರ್ಕ್ (ಕರೆಂಟಿನ ಕಿಡಿ) ಹೊತ್ತಿಸಿ ವೆಲ್ಡ್ ಮಾಡುವ, ಐದಾರು ಕೆಜಿ ತೂಗುವ, ಪಟ್ಟಿ ಹಾಕಿ ಹೆಗಲಿಗೆ ನೇತುಹಾಕಿಕೊಳ್ಳಬಹುದಾದ ಡಬ್ಬಿ. ಗ್ಯಾಸ್ ಸಿಲಿಂಡರ್ ಬೇಡ, ವೈರ್ ರೀಲ್ ಬೇಡ. ಗಾಳಿ ಬೀಸುವ ಅಂಗಳದಲ್ಲೂ ಕೆಲಸ ಮಾಡುತ್ತದೆ, ಸ್ವಲ್ಪ ತುಕ್ಕು ಇದ್ದರೂ ಸಹಿಸಿಕೊಳ್ಳುತ್ತದೆ. ರಾಡ್ ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಹವ್ಯಾಸಕ್ಕೆ ಶುರು ಮಾಡುವ ಬಹುಪಾಲು ಜನರಿಗೆ ನನ್ನ ಉತ್ತರ ಇದೇ. ಆದರೆ ಬರೀ 1 ಎಂಎಂ ಶೀಟ್ ಕೆಲಸ, ಕಾರ್ ಬಾಡಿ ಕೆಲಸ ಮಾಡೋದಿದ್ದರೆ ಮಾತ್ರ ಮಿಗ್, ಅಂದರೆ ರಾಡಿನ ಬದಲು ರೀಲಿನಿಂದ ವೈರ್ ತಾನೇ ಬರುವ ಮಷಿನ್ ನೋಡಿ.

ಇನ್ವರ್ಟರ್ ಅಂದ್ರೆ ಮನೇಲಿರೋ ಯುಪಿಎಸ್ ತರಹದ್ದಾ? ಕರೆಂಟ್ ಹೋದ್ರೂ ಓಡುತ್ತಾ?

ಇಲ್ಲ. ಇದರೊಳಗೆ ಬ್ಯಾಟರಿ ಇಲ್ಲ. ಪ್ಲಗ್ಗಿನಿಂದ ಬರುವ 230 ವೋಲ್ಟ್ ಎಸಿಯನ್ನು ಮೊದಲು ಡಿಸಿ ಮಾಡುತ್ತದೆ. ಆಮೇಲೆ ಐಜಿಬಿಟಿ ಅನ್ನುವ ಸ್ವಿಚ್‌ಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತವೆ. ಇಷ್ಟು ವೇಗದಲ್ಲಿ ಕರೆಂಟ್ ಹಿಂದೆ ಮುಂದೆ ಆಡುವಾಗ ಟ್ರಾನ್ಸ್‌ಫಾರ್ಮರ್ ಅಂಗೈಯಗಲ ಇದ್ದರೂ ಸಾಕು. ಹಳೇ ಮಷಿನ್ ಮಣಭಾರ ಇದ್ದಿದ್ದು, ಇದು ಹಗುರ ಆಗಿದ್ದು ಇದೇ ಕಾರಣಕ್ಕೆ. ಮನೆಯ ಯುಪಿಎಸ್‌ಗೆ ಈ ಮಷಿನ್ ಹಾಕುವ ಯೋಚನೆಯನ್ನೂ ಮಾಡಬೇಡಿ. ಫ್ಯಾನು ಲೈಟಿಗೆ ಇಟ್ಟ 900 ವಿಎ (ವೋಲ್ಟ್ ಗುಣಿಸು ಆಂಪ್) ಡಬ್ಬಿ, ಮೂರು ಸಾವಿರ ವಿಎ ಕೇಳುವ ಮಷಿನ್ನನ್ನು ಹೇಗೆ ಎಳೆಯುತ್ತದೆ?

ಪಕ್ಕದ ಗ್ರಿಲ್ ಅಂಗಡಿಯವರು ಹಳೇ ದೊಡ್ಡ ಮಷಿನ್ ಅಗ್ಗಕ್ಕೆ ಕೊಡ್ತೀನಿ ಅಂತಿದಾರೆ. ತಾಮ್ರದ ವೈಂಡಿಂಗ್ ಅಂತೆ. ತಗೊಳ್ಳಲಾ?

ಮನೆಗಾದರೆ ಬೇಡ. ಆ ಮಷಿನ್‌ಗಳು ಹೆಚ್ಚಿನವು ಟೂ ಫೇಸ್, ಅಂದರೆ ಎರಡು ಫೇಸಿನ ನಡುವಿನ 415 ವೋಲ್ಟ್ ಬೇಕು. ನಿಮ್ಮ ಮನೆಗೆ ಬರುವುದು ಒಂದು ಫೇಸು, ಒಂದು ನ್ಯೂಟ್ರಲ್. ಅವು ಗಟ್ಟಿಮುಟ್ಟು, ಹತ್ತಿಪ್ಪತ್ತು ವರ್ಷ ದುಡಿಯುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಬ್ಬರು ಹಿಡಿದು ಎತ್ತಬೇಕು, ಕರೆಂಟ್ ಜಾಸ್ತಿ ತಿನ್ನುತ್ತವೆ, ಎಸಿ ಆರ್ಕ್ ಆಗಿರುವುದರಿಂದ ಹೊಸಬರ ಕೈಗೆ ಸುಲಭವಾಗಿ ಒಗ್ಗುವುದಿಲ್ಲ. ಇನ್ನೊಂದು ಮಾತು ಬಿಡಿಸಿ ಹೇಳಬೇಕು: ಇಂಥ ಮಷಿನ್‌ಗೆ ಅಂತ ಕಂಬದ ಲೈನಿಗೆ ಕೊಕ್ಕೆ ಹಾಕುವವರಿದ್ದಾರೆ. 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಅದು ಕಳ್ಳತನ. ಅದಕ್ಕಿಂತ ದೊಡ್ಡ ಮಾತೆಂದರೆ ಜೀವ ಹೋಗುತ್ತದೆ.

ಮಿಗ್ ಬೇಗ ಕಲಿಯಬಹುದು ಅಂತಾರಲ್ಲ, ನೇರವಾಗಿ ಅದನ್ನೇ ತಗೊಂಡ್ರೆ?

ಬೇಗ ಕಲಿಯಬಹುದು, ನಿಜ. ಟ್ರಿಗರ್ ಒತ್ತಿದರೆ ವೈರ್ ತಾನೇ ಬರುತ್ತದೆ, ರಾಡ್ ಅಂಟಿಕೊಳ್ಳುವ ಕಾಟ ಇಲ್ಲ. ಆದರೆ ಗ್ಯಾಸ್ ಮಿಗ್‌ಗೆ ಸಿಲಿಂಡರ್, ರೆಗ್ಯುಲೇಟರ್, ಅದನ್ನು ತುಂಬಿಸಿಕೊಡುವ ಜಾಗ ಎಲ್ಲ ಬೇಕು. ಬೆಂಗಳೂರಿನ ಪೀಣ್ಯದ ಹತ್ತಿರ ಇದ್ದರೆ ಅದು ಕಷ್ಟವೇ ಅಲ್ಲ, ತಾಲ್ಲೂಕು ಕೇಂದ್ರದಿಂದ ದೂರ ಇದ್ದರೆ ತಲೆನೋವು. ಅಂಗಳದಲ್ಲಿ ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗಿ ವೆಲ್ಡ್ ತೂತು ತೂತಾಗುತ್ತದೆ. ಗ್ಯಾಸ್ ಇಲ್ಲದ ಮಿಗ್ ಅಂತ ಮಾರುವುದು ಫ್ಲಕ್ಸ್ (ಉರಿದು ವೆಲ್ಡನ್ನು ಗಾಳಿಯಿಂದ ಕಾಯುವ ಪುಡಿ) ತುಂಬಿದ ವೈರಿನ ಮಷಿನ್. ಅದು ಕೆಟ್ಟದ್ದಲ್ಲ, ಆದರೆ ಆ ವೈರಿನ ಒಂದು ಕೆಜಿ ಬೆಲೆಗೆ ಸಾಕಷ್ಟು ರಾಡ್ ಬರುತ್ತದೆ. ಹೊಗೆಯೂ ಜಾಸ್ತಿ.

ರಾಡಿನಲ್ಲಿ ಕೈ ಪಳಗಿದವರಿಗೆ ಮಿಗ್ ಒಂದು ಮಧ್ಯಾಹ್ನದಲ್ಲಿ ಬರುತ್ತದೆ. ಮಿಗ್ ಮಾತ್ರ ಗೊತ್ತಿದ್ದವರಿಗೆ ರಾಡ್ ಮತ್ತೆ ಮೊದಲಿನಿಂದ.

## ಕರೆಂಟಿನ ಲೆಕ್ಕ

ಮನೆ ಪ್ಲಗ್ಗಿಗೆ ಹಾಕಿದ್ರೆ ವೈರಿಂಗ್ ಸುಟ್ಟು ಹೋಗಲ್ವಾ?

ಯಾವ ಪ್ಲಗ್ಗು, ಎಷ್ಟು ಆಂಪ್ ಅನ್ನುವುದರ ಮೇಲೆ ಹೋಗುತ್ತದೆ. ಈ ಲೆಕ್ಕ ಒಂದು ಸಲ ಅರ್ಥವಾದರೆ ಅರ್ಧ ಗೊಂದಲ ಮುಗಿಯಿತು, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ರಾಡ್ ಆರ್ಕಿನ ವೋಲ್ಟೇಜನ್ನು ಲೆಕ್ಕಕ್ಕೆ ಹೀಗೆ ಹಿಡಿಯುತ್ತಾರೆ: ಆಂಪ್‌ಗೆ 0.04 ಗುಣಿಸಿ 20 ಕೂಡಿಸಿ. 2.5 ಎಂಎಂ ರಾಡ್‌ಗೆ 80 ಆಂಪ್ ಇಟ್ಟರೆ ಸುಮಾರು 23 ವೋಲ್ಟ್. ಎರಡನ್ನೂ ಗುಣಿಸಿದರೆ 1,850 ವ್ಯಾಟ್. ಮಷಿನ್ನಿನ ದಕ್ಷತೆ ಶೇ 80, ಪವರ್ ಫ್ಯಾಕ್ಟರ್ (ಎಳೆದ ವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.7 ಅಂತ ಹಿಡಿದು, 1,850ನ್ನು 0.8, 0.7, 230 ಮೂರರಿಂದಲೂ ಭಾಗಿಸಿದರೆ ಗೋಡೆಯಿಂದ ಎಳೆಯುವುದು 14 ಆಂಪ್‌ನಷ್ಟು. ಅಂದರೆ ಗೀಸರ್‌ಗೆ ಕೊಡುವ 16 ಆಂಪ್ ಪಾಯಿಂಟ್ ಸಾಕು. ಅದೇ 3.15 ಎಂಎಂ ರಾಡ್‌ಗೆ 110 ಆಂಪ್ ಇಟ್ಟರೆ ಗೋಡೆಯಿಂದ 20 ಆಂಪ್ ದಾಟುತ್ತದೆ. ಅಲ್ಲಿ 16 ಆಂಪ್ ಪಾಯಿಂಟ್ ಸಾಲದು.

ಟಿವಿ, ಮೊಬೈಲ್ ಚಾರ್ಜರ್ ಹಾಕುವ ಸಣ್ಣ 6 ಆಂಪ್ ಪಾಯಿಂಟ್‌ಗೆ ಅಡಾಪ್ಟರ್ ಸಿಕ್ಕಿಸಿ ಮಷಿನ್ ಓಡಿಸುವುದು ಖಂಡಿತ ಬೇಡ. ಅದರ ಹಿಂದಿನ ವೈರ್ ತೆಳು, ಗೋಡೆಯೊಳಗೇ ಬಿಸಿಯಾಗುತ್ತದೆ, ನಿಮಗೆ ಕಾಣುವುದೂ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಬೋರ್ಡಿನಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿ, ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿ. ಅರ್ಥಿಂಗ್ ನಿಜವಾಗಿಯೂ ಇದೆಯಾ ಅಂತ ಆಗಲೇ ನೋಡಿಸಿ, ಸುಮಾರು ಹಳೇ ಮನೆಗಳಲ್ಲಿ ಮೂರನೇ ತೂತು ಅಲಂಕಾರಕ್ಕಷ್ಟೇ ಇರುತ್ತದೆ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಅದು 1 ಇದ್ದರೆ ನಿಮ್ಮ ಎಸ್ಕಾಂ ಕಚೇರಿಯಲ್ಲಿ ಹೆಚ್ಚಿಸಿಕೊಂಡು ಆಮೇಲೆ ಮಷಿನ್ ತನ್ನಿ.

ಎಂಸಿಬಿ ಪದೇ ಪದೇ ಬೀಳುತ್ತೆ. ದೊಡ್ಡದು ಹಾಕಿಬಿಡಲಾ?

ವೈರ್ ಬದಲಿಸದೆ ಎಂಸಿಬಿ ಮಾತ್ರ ದೊಡ್ಡದು ಮಾಡಬೇಡಿ. ಎಂಸಿಬಿ ಕಾಯುವುದು ಮಷಿನ್ನನ್ನಲ್ಲ, ಗೋಡೆಯೊಳಗಿನ ವೈರನ್ನು. ಮೊದಲು ಗಮನಿಸಿ: ಸ್ವಿಚ್ ಹಾಕಿದ ಕ್ಷಣಕ್ಕೇ ಬೀಳುತ್ತಿದ್ದರೆ ಅದು ಕ್ಷಣದ ಏರಿಕೆಗೂ ಬೇಗ ಬೀಳುವ ಬಿ ಟೈಪ್ ಇರಬಹುದು, ಅದೇ ಆಂಪ್‌ನ ಸಿ ಟೈಪ್ ಹಾಕಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ಎರಡು ಮೂರು ರಾಡ್ ಉರಿಸಿದ ಮೇಲೆ ಬಿದ್ದರೆ ನೀವು ಜಾಸ್ತಿ ಎಳೆಯುತ್ತಿದ್ದೀರಿ ಅಂತ ಅರ್ಥ, ಆಂಪ್ ಇಳಿಸಿ ಅಥವಾ ಸಣ್ಣ ರಾಡ್ ಹಾಕಿ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಬಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಅದನ್ನು ಬೈಪಾಸ್ ಮಾಡಿ ಕೆಲಸ ಮುಂದುವರಿಸುವುದು ಸಾವನ್ನು ಕರೆದ ಹಾಗೆ.

ಎಕ್ಸ್‌ಟೆನ್ಷನ್ ಬೋರ್ಡ್ ಮೇಲೆ ಓಡಿಸಬಹುದಾ? ಗೇಟ್ ಮನೆಯಿಂದ ದೂರ ಇದೆ.

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಬೋರ್ಡ್ ಬೇಡ. 2.5 ಸ್ಕ್ವೇರ್ ಎಂಎಂ ಮೂರು ಕೋರ್ ವೈರ್ ತಂದು, ಎರಡು ತುದಿಗೂ 16 ಆಂಪ್‌ನ ಗಟ್ಟಿ ಪ್ಲಗ್ಗು ಸಾಕೆಟ್ಟು ಹಾಕಿಸಿ. 20 ಮೀಟರ್ ಉದ್ದಕ್ಕೆ 15 ಆಂಪ್ ಎಳೆದರೆ ಇದರಲ್ಲಿ ನಾಲ್ಕೈದು ವೋಲ್ಟ್ ಇಳಿಯುತ್ತದೆ ಅಷ್ಟೇ. ತೆಳು 0.75 ವೈರ್ ಆದರೆ 15 ವೋಲ್ಟ್ ಅದರಲ್ಲೇ ಹೋಗುತ್ತದೆ, ವೈರ್ ಕೂಡ ಕುದಿಯುತ್ತದೆ. ಸುರುಳಿ ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿದ್ದಂತೆ ಓಡಿಸಿದರೆ ಒಳಸುತ್ತು ಮೊದಲು ಕರಗುತ್ತದೆ.

## ಅಂಗಡಿಗೆ ಹೋದಾಗ

200 ಆಂಪ್, 250 ಆಂಪ್, 300 ಆಂಪ್... ಬೆಲೆಯಲ್ಲಿ ಸಾವಿರ ರೂಪಾಯಿ ವ್ಯತ್ಯಾಸ. ದೊಡ್ಡದೇ ಒಳ್ಳೆಯದಲ್ವಾ?

ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ಮನೆಯಲ್ಲಿ ನೀವು ಹೆಚ್ಚಾಗಿ ಬಳಸುವುದು 50ರಿಂದ 110 ಆಂಪ್. ಮೇಲೆ ಹೇಳಿದ ಲೆಕ್ಕದಲ್ಲೇ 200 ಆಂಪ್ ಹಾಕಿ ನೋಡಿ, ಗೋಡೆಯಿಂದ 40 ಆಂಪ್ ದಾಟುತ್ತದೆ. ಯಾರ ಮನೆಯ ಪ್ಲಗ್ಗೂ ಅದನ್ನು ಕೊಡುವುದಿಲ್ಲ.

ಅಂಗಡಿಯಲ್ಲಿ ಮಷಿನ್ ತಿರುಗಿಸಿ ಹಿಂದಿನ ಪಟ್ಟಿ ಓದಿ. ಔಟ್‌ಪುಟ್ 200 ಆಂಪ್, 28 ವೋಲ್ಟ್ ಅಂತ ಇದೆ ಅಂದುಕೊಳ್ಳಿ, ಅದು 5,600 ವ್ಯಾಟ್ ಆಯಿತು. ಪಕ್ಕದಲ್ಲಿ ಇನ್‌ಪುಟ್ 230 ವೋಲ್ಟ್, 20 ಆಂಪ್ ಅಂತ ಬರೆದಿದ್ದರೆ ಅದು 4,600 ಮಾತ್ರ. ಒಳಗೆ ಹೋಗಿದ್ದಕ್ಕಿಂತ ಹೊರಗೆ ಜಾಸ್ತಿ ಬರೋಕೆ ಸಾಧ್ಯವೇ ಇಲ್ಲ. ಒಂದೋ ಆ ಪಟ್ಟಿ ಸುಳ್ಳು, ಇಲ್ಲ ಬೇಕಾಬಿಟ್ಟಿ ಬರೆದದ್ದು. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಅಲ್ಲೇ ಗುಣಿಸಿ ನೋಡಿ. 250, 300 ಅಂತ ಹಾಕಿಕೊಂಡ ಅಗ್ಗದ ಡಬ್ಬಿಗಿಂತ 140 ಅಥವಾ 160 ಅಂತ ನಿಜ ಬರೆದ ಮಷಿನ್ ಎಷ್ಟೋ ಮೇಲು.

ಡ್ಯೂಟಿ ಸೈಕಲ್ ಶೇ 60 ಅಂತಿದೆ. ಏನದು?

ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಆರ್ಕ್ ಉರಿಸಬಹುದು ಅನ್ನುವ ಲೆಕ್ಕ. ಶೇ 60 ಅಂದರೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಇದು ಯಾವ ಆಂಪ್‌ಗೆ, ಎಷ್ಟು ಬಿಸಿಲಿಗೆ ಅಂತಲೂ ಬರೆದಿರಬೇಕು. ನಿಯಮ ಪಾಲಿಸುವ ತಯಾರಕರು 40 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕುತ್ತಾರೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಅದನ್ನೂ ಮೀರುತ್ತದೆ, ಅಲ್ಲಿನವರು ಬೆಳಗ್ಗೆ ಬೇಗ ಕೆಲಸಕ್ಕೆ ಕೂರುವುದು ಮಷಿನ್‌ಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಆಂಪ್ ಇಳಿಸಿದರೆ ಡ್ಯೂಟಿ ಸೈಕಲ್ ಏರುತ್ತದೆ. 120 ಆಂಪ್‌ಗೆ ಶೇ 35 ಇರುವ ಮಷಿನ್ 70 ಆಂಪ್‌ನಲ್ಲಿ ನಿಲ್ಲದೇ ಓಡಬಲ್ಲದು. ಇನ್ನೂ ಒಂದು ಸಮಾಧಾನದ ಮಾತು: 2.5 ಎಂಎಂ ರಾಡ್ ಒಂದು ಉರಿದು ಮುಗಿಯೋಕೆ ಸುಮಾರು ಒಂದು ನಿಮಿಷ. ಆಮೇಲೆ ಸ್ಲ್ಯಾಗ್ (ವೆಲ್ಡ್ ಮೇಲೆ ಗಟ್ಟಿಯಾಗುವ ಹೊಟ್ಟು) ಕುಟ್ಟಿ, ಬ್ರಷ್ ಹಾಕಿ, ಮುಂದಿನ ಪೀಸ್ ಹೊಂದಿಸುವಷ್ಟರಲ್ಲಿ ಎರಡು ಮೂರು ನಿಮಿಷ ಕಳೆದಿರುತ್ತದೆ. ಹವ್ಯಾಸದ ಕೆಲಸದಲ್ಲಿ ಮಷಿನ್‌ಗೆ ತಾನಾಗಿಯೇ ವಿಶ್ರಾಂತಿ ಸಿಗುತ್ತದೆ.

ಹಾಟ್ ಸ್ಟಾರ್ಟ್, ಆರ್ಕ್ ಫೋರ್ಸ್, ಆ್ಯಂಟಿ ಸ್ಟಿಕ್, ವಿಆರ್‌ಡಿ. ಇವೆಲ್ಲ ಬೇಕಾ?

ಹಾಟ್ ಸ್ಟಾರ್ಟ್ ಮತ್ತು ಆ್ಯಂಟಿ ಸ್ಟಿಕ್ ಇರಲಿ. ಮೊದಲನೆಯದು ಆರ್ಕ್ ಹೊತ್ತಿಸುವ ಕ್ಷಣಕ್ಕೆ ಸ್ವಲ್ಪ ಜಾಸ್ತಿ ಕರೆಂಟ್ ಕೊಡುತ್ತದೆ. ಎರಡನೆಯದು ರಾಡ್ ಅಂಟಿಕೊಂಡರೆ ಕರೆಂಟ್ ಇಳಿಸುತ್ತದೆ, ರಾಡ್ ಕೆಂಪಗೆ ಕಾಯುವ ಮುಂಚೆ ಎಳೆದುಕೊಳ್ಳಬಹುದು. ವಿಆರ್‌ಡಿ ಅಂದರೆ ಆರ್ಕ್ ಇಲ್ಲದಾಗ ಹೋಲ್ಡರ್ (ರಾಡ್ ಸಿಕ್ಕಿಸುವ ಹಿಡಿ) ತುದಿಯ 60ರಿಂದ 80 ವೋಲ್ಟನ್ನು ತುಂಬ ಕೆಳಗೆ ಇಳಿಸುವ ವ್ಯವಸ್ಥೆ. ಮಲೆನಾಡು, ಕರಾವಳಿಯ ಒದ್ದೆ ನೆಲದಲ್ಲಿ ಕೆಲಸ ಮಾಡುವವರು ಇದನ್ನು ಕೇಳಿಯೇ ತಗೊಳ್ಳಿ. ರಾಡ್ ತೀರ ಹತ್ತಿರ ಹೋದಾಗ ಕರೆಂಟ್ ಏರಿಸುವ ಆರ್ಕ್ ಫೋರ್ಸ್ ಇದ್ದರೆ ಸಂತೋಷ, ಇಲ್ಲದಿದ್ದರೆ ಕೊರತೆ ಏನಿಲ್ಲ.

ಯಾವ ಕಂಪನಿ? ಆನ್‌ಲೈನಾ, ಅಂಗಡಿಯಾ?

ಅಡೋರ್, ಇಸಾಬ್ ಹಳೇ ಹೆಸರುಗಳು, ಬೆಲೆ ಸ್ವಲ್ಪ ಮೇಲೆ. ಐಬೆಲ್, ರಿಲಾನ್ ಮುಂತಾದವು ಹವ್ಯಾಸಿಗಳ ಕೈಗೆಟಕುವಂಥವು. ನಾನು ಹೆಸರಿಗಿಂತ ಮೊದಲು ಕೇಳುವುದು ಒಂದೇ: ಕೆಟ್ಟರೆ ನಿಮ್ಮ ಜಿಲ್ಲೆಯಲ್ಲಿ ಯಾರು ಬಿಚ್ಚುತ್ತಾರೆ? ಇನ್ವರ್ಟರ್ ಮಷಿನ್ ಅಂದರೆ ಎಲೆಕ್ಟ್ರಾನಿಕ್ ಬೋರ್ಡು, ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ರಿಪೇರಿ ಆಗುವುದಿಲ್ಲ. ಬೆಂಗಳೂರಿನ ಎಸ್‌ಜೆಪಿ ರಸ್ತೆ ಅಥವಾ ನಿಮ್ಮೂರಿನ ಕೈಗಾರಿಕಾ ಪ್ರದೇಶದ ಅಂಗಡಿಗೆ ಹೋದರೆ ಇನ್ನೊಂದು ಲಾಭ ಇದೆ, ಅಲ್ಲೇ ಒಂದು ರಾಡ್ ಉರಿಸಿ ತೋರಿಸಿ ಅಂತ ಕೇಳಬಹುದು. ಕೇಳೋಕೆ ಸಂಕೋಚ ಬೇಡ. ತೋರಿಸಲ್ಲ ಅನ್ನುವ ಅಂಗಡಿಯಿಂದ ಸುಮ್ನೆ ಮುಂದಕ್ಕೆ ಹೋಗಿ. ವಾರಂಟಿ ಕಾರ್ಡಿಗೆ ಸೀಲು, ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಹಾಕಿಸಿಕೊಳ್ಳಿ.

ಒಟ್ಟು ಬಜೆಟ್ 10,000 ರೂಪಾಯಿ. ಎಲ್ಲವನ್ನೂ ಮಷಿನ್ ಮೇಲೆ ಹಾಕಲಾ?

ಬೇಡ. ಮಷಿನ್‌ಗೆ ಆರು ಸಾವಿರದ ಆಸುಪಾಸು ಇಡಿ, ಉಳಿದದ್ದು ಮೈ ಕಾಪಾಡುವ ಸಾಮಾನಿಗೆ ಮತ್ತು ರಾಡಿಗೆ. ಹೆಲ್ಮೆಟ್, ಚರ್ಮದ ಉದ್ದ ಗ್ಲೌಸ್, ಚಿಪ್ಪಿಂಗ್ ಸುತ್ತಿಗೆ, ವೈರ್ ಬ್ರಷ್, ಎರಡು ಸಿ ಕ್ಲ್ಯಾಂಪ್, ಒಂದು ಮೂಲೆಮಟ್ಟ. ನಾಲ್ಕು ಇಂಚಿನ ಗ್ರೈಂಡರ್ ಇಲ್ಲದಿದ್ದರೆ ಅದೂ ಬೇಕು, ಅದಕ್ಕೆ ಬಜೆಟ್ ಸ್ವಲ್ಪ ಏರಿಸಿಕೊಳ್ಳಬೇಕಾಗುತ್ತದೆ. ನಿಜ ಹೇಳಬೇಕಂದರೆ ವೆಲ್ಡಿಂಗ್‌ಗಿಂತ ಜಾಸ್ತಿ ಹೊತ್ತು ಕೈಯಲ್ಲಿರುವುದು ಗ್ರೈಂಡರೇ. ಅದರ ಗಾರ್ಡ್ ತೆಗೆಯಬೇಡಿ. ಕಟಿಂಗ್ ವೀಲ್ ಕೊಳ್ಳುವಾಗ ನಡುವಿನ ಲೋಹದ ಬಳೆ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ, ನೋಡಿ ತಗೊಳ್ಳಿ.

ಮಷಿನ್ ಜೊತೆ ಬರುವ ಕೇಬಲ್ ಸಾಮಾನ್ಯವಾಗಿ ಗಿಡ್ಡ. ವೆಲ್ಡ್ ಮಾಡುವ ಕಬ್ಬಿಣಕ್ಕೆ ಕಚ್ಚಿಸುವ ಅರ್ಥ್ ಕ್ಲ್ಯಾಂಪ್ ಅಂತೂ ತಗಡಿನದು, ಹಿಡಿತವೇ ಇರುವುದಿಲ್ಲ. ಗಟ್ಟಿ ಕ್ಲ್ಯಾಂಪ್ ಒಂದನ್ನು ಮೊದಲ ದಿನವೇ ಹಾಕಿಕೊಳ್ಳಿ.

ಕಪ್ಪು ಗಾಜಿನ ಕೈ ಶೀಲ್ಡ್ ನೂರೈವತ್ತಕ್ಕೆ ಸಿಗುತ್ತೆ. ಆಟೋ ಡಾರ್ಕ್ ಹೆಲ್ಮೆಟ್‌ಗೆ ಯಾಕೆ ಸಾವಿರಾರು ಕೊಡಬೇಕು?

ಕೈ ಶೀಲ್ಡ್ ಹಿಡಿದರೆ ಒಂದು ಕೈ ಹೋಯಿತು. ಅಲ್ಲದೆ ಕಪ್ಪು ಗಾಜಿನ ಹಿಂದೆ ಆರ್ಕ್ ಹೊತ್ತುವವರೆಗೆ ಏನೂ ಕಾಣುವುದಿಲ್ಲ, ಹೊಸಬರು ಇಣುಕಿ ನೋಡಿ ಹೊತ್ತಿಸುತ್ತಾರೆ, ಅಲ್ಲೇ ಕಣ್ಣಿಗೆ ಹೊಡೆಯುವುದು. ಆಟೋ ಡಾರ್ಕ್ ಹೆಲ್ಮೆಟ್‌ನಲ್ಲಿ ರಾಡಿನ ತುದಿ ಎಲ್ಲಿದೆ ಅಂತ ನೋಡಿಕೊಂಡೇ ಶುರು ಮಾಡಬಹುದು. 9ರಿಂದ 13ರವರೆಗೆ ಶೇಡ್ (ಗಾಜು ಎಷ್ಟು ಕಪ್ಪು ಅನ್ನುವ ಅಂಕಿ) ಬದಲಿಸುವಂಥದ್ದು ತಗೊಳ್ಳಿ, ಮನೆ ಕೆಲಸಕ್ಕೆ 10 ಅಥವಾ 11 ಸರಿಯಾಗುತ್ತದೆ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ವೆಲ್ಡ್ ಮಾಡುವವರನ್ನು ನೋಡಿ ಕಲಿಯಬೇಡಿ.

ಕಣ್ಣಿಗೆ ಆರ್ಕ್ ಹೊಡೆದರೆ ಆಗಲೇ ಗೊತ್ತಾಗುವುದಿಲ್ಲ. ಆರೇಳು ಗಂಟೆ ಕಳೆದು, ನಡುರಾತ್ರಿ ಕಣ್ಣು ಚುಚ್ಚಿ ನೀರು ಸುರಿಯೋಕೆ ಶುರುವಾಗುತ್ತದೆ. ತಣ್ಣೀರು ಬಟ್ಟೆ ಇಟ್ಟು, ಕತ್ತಲಲ್ಲಿ ಮಲಗಿ, ಬೆಳಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಆಲೂಗೆಡ್ಡೆ ಹೋಳು ತಂಪು ಅನ್ನಿಸಬಹುದು, ಔಷಧಿ ಅಲ್ಲ. ಮಕ್ಕಳು ಸುತ್ತ ನಿಂತು ನೋಡದಂತೆ ನೋಡಿಕೊಳ್ಳುವುದೂ ನಿಮ್ಮದೇ ಜವಾಬ್ದಾರಿ.

## ಕೆಲಸಕ್ಕೆ ಕೂತ ಮೇಲೆ

ಯಾವ ರಾಡ್, ಎಷ್ಟು ಆಂಪ್?

6013 ರಾಡ್ (ಅದು ರಾಡಿನ ಬಗೆಯ ನಂಬರ್), 2.5 ಎಂಎಂ ದಪ್ಪ, 350 ಎಂಎಂ ಉದ್ದ. ಪೊಟ್ಟಣದ ಮೇಲೆ ಐಎಸ್ 814 (ರಾಡಿನ ಭಾರತೀಯ ಮಾನದಂಡ) ಅಂತ ಇದೆಯಾ ನೋಡಿ. 60ರಿಂದ 90 ಆಂಪ್ ನಡುವೆ ಇಟ್ಟುಕೊಳ್ಳಿ, 3 ಎಂಎಂ ಆ್ಯಂಗಲ್‌ಗೆ 75ರಿಂದ ಶುರು ಮಾಡಿ. 5 ಎಂಎಂ ಮೇಲಿನ ಪಟ್ಟಿಗೆ 3.15 ರಾಡ್, 90ರಿಂದ 130. ತೆಳು ಪೈಪ್‌ಗೆ 2 ಎಂಎಂ ರಾಡ್, 40ರಿಂದ 60. ಕಲಿಯುವಾಗ ಒಳ್ಳೆ ಕಂಪನಿಯ ರಾಡ್ ತನ್ನಿ. ರಾಡ್ ಕಳಪೆ ಇದ್ದರೆ ತಪ್ಪು ಕೈಯದ್ದಾ ರಾಡಿನದ್ದಾ ಅಂತ ತಿಳಿಯುವುದೇ ಇಲ್ಲ.

ರಾಡ್ ಅಂಟಿಕೊಳ್ಳುತ್ತೆ, ಬಿಡಿಸಿದ್ರೆ ಮತ್ತೆ ಅಂಟುತ್ತೆ. ಮಷಿನ್ ಸರಿ ಇಲ್ವಾ?

ಮಷಿನ್ ಸರಿ ಇರುತ್ತದೆ, ನೂರಕ್ಕೆ ತೊಂಬತ್ತು ಸಲ. ಮೊದಲು ಅರ್ಥ್ ಕ್ಲ್ಯಾಂಪ್ ಹಾಕಿದ ಜಾಗ ನೋಡಿ, ಪೇಂಟ್ ಅಥವಾ ತುಕ್ಕಿನ ಮೇಲೆ ಹಾಕಿದ್ದರೆ ಗ್ರೈಂಡರ್‌ನಿಂದ ಬೆಳ್ಳಗೆ ಮಾಡಿ ಹಾಕಿ. ಆಮೇಲೆ ಆಂಪ್ ಐದೋ ಹತ್ತೋ ಏರಿಸಿ. ರಾಡನ್ನು ಚುಚ್ಚಬೇಡಿ, ಬೆಂಕಿಕಡ್ಡಿ ಗೀರುವ ಹಾಗೆ ಗೀರಿ ಸ್ವಲ್ಪ ಎತ್ತಿ. ಆರ್ಕ್ ಹೊತ್ತಿದ ಮೇಲೆ ರಾಡಿನ ದಪ್ಪದಷ್ಟೇ ಅಂತರ ಇರಬೇಕು, ಅಂದರೆ ಎರಡೂವರೆ ಎಂಎಂ. ಇಲ್ಲೇ ಎಲ್ಲರೂ ಎಡವುವುದು: ರಾಡ್ ಉರಿದು ಗಿಡ್ಡವಾಗುತ್ತಾ ಹೋಗುತ್ತದೆ, ಕೈ ಮಾತ್ರ ಇದ್ದಲ್ಲೇ ಇರುತ್ತದೆ, ಅಂತರ ಜಾಸ್ತಿಯಾಗಿ ಆರ್ಕ್ ಕೆಟ್ಟು ಹೋಗುತ್ತದೆ. ಕೈ ಮುಂದಕ್ಕೆ ಹೋಗುತ್ತಲೇ ಕೆಳಕ್ಕೂ ಇಳಿಯಬೇಕು.

ಕಿವಿಗೊಟ್ಟು ಕೇಳಿ. ಒಂದೇ ಸಮನೆ ಚುರುಚುರು ಅಂತಿದ್ದರೆ ಸರಿ. ತಡೆತಡೆದು ಚಟ್ ಚಟ್ ಅಂದರೆ ಅಂತರ ಜಾಸ್ತಿ ಆಗಿದೆ. ಬೆಳಕನ್ನು ನೋಡಬೇಡಿ, ಅದರ ಹಿಂದೆ ಕರಗಿ ಹೊಳೆಯುವ ಸಣ್ಣ ಕೊಳ ನೋಡಿ, ಅದರ ಅಂಚು ಎರಡೂ ಪೀಸನ್ನು ಮುಟ್ಟಿದೆಯಾ ಅಂತ ನೋಡುತ್ತಾ ಹೋಗಿ. ಗುಜರಿಯಿಂದ 5 ಎಂಎಂ ಪಟ್ಟಿಯ ತುಂಡು ತಂದು ಒಂದು ಕೆಜಿ ರಾಡ್, ಅಂದರೆ ಸುಮಾರು 50 ರಾಡ್, ಬರೀ ಗೆರೆ ಎಳೆಯೋಕೆ ಖರ್ಚು ಮಾಡಿ. ಆಮೇಲೆ ಗೇಟು.

ಪೈಪ್ ಮುಟ್ಟಿದ ಕೂಡಲೇ ತೂತು ಬೀಳುತ್ತೆ, ಏನು ಮಾಡಲಿ?

ಅಂಗಡಿಯಲ್ಲಿ 18 ಗೇಜ್ ಅಂತ ಕೊಡುವ ಚೌಕ ಪೈಪ್ ಗೋಡೆ ಬರೀ 1.2 ಎಂಎಂ. ಕಲಿಯುವವರು ಕೈಹಾಕುವ ಮೊದಲ ಕೆಲಸ ಇದೇ ಆಗಿರುತ್ತದೆ, ಕಷ್ಟದ ಕೆಲಸವೂ ಇದೇ. ಆಗುವುದಾದರೆ 16 ಗೇಜ್, ಅಂದರೆ 1.6 ಎಂಎಂ ತನ್ನಿ. ಕೆಜಿ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಕೆಲಸ ಹಗುರ.

ತೆಳು ಪೈಪೇ ಆಗಬೇಕು ಅಂದರೆ ಜೋಡಣೆಯಲ್ಲಿ ಸಂದು ಇರಬಾರದು, ಕೂದಲು ತೂರದಷ್ಟು ಬಿಗಿ ಇರಲಿ. 2 ಎಂಎಂ ರಾಡ್, 45 ಆಂಪ್. ಒಂದೇ ಎಳೆತಕ್ಕೆ ಎಳೆಯದೆ ಒಂದು ಚುಕ್ಕೆ ಇಟ್ಟು, ಕೆಂಪು ಆರಿದ ಮೇಲೆ ಅದರ ಅರ್ಧ ಮೇಲೆ ಬರುವಂತೆ ಇನ್ನೊಂದು ಚುಕ್ಕೆ. ಪೈಪ್ ನಿಲ್ಲಿಸಿದ್ದರೆ ಮೇಲಿಂದ ಕೆಳಕ್ಕೆ ಬನ್ನಿ. ಮೊದಲು ನಾಲ್ಕು ಮೂಲೆಗೂ ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಸಣ್ಣ ಚುಕ್ಕೆ) ಹಾಕಿ, ಮೂಲೆಮಟ್ಟ ಇಟ್ಟು ನೋಡಿ, ಆಮೇಲೆ ಎದುರುಬದುರಾಗಿ ಮುಗಿಸಿ. ಒಂದೇ ಬದಿ ಪೂರ್ತಿ ಮಾಡಿದರೆ ಚೌಕಟ್ಟು ಆ ಕಡೆಗೆ ಎಳೆದುಕೊಳ್ಳುತ್ತದೆ.

ಜಿಐ ಪೈಪ್ ವೆಲ್ಡ್ ಮಾಡಿದ್ರೆ ಜ್ವರ ಬರುತ್ತಂತೆ. ಹಾಲು ಕುಡಿದ್ರೆ ಸಾಕಂತೆ, ನಿಜಾನಾ?

ಜ್ವರ ಬರುವುದು ನಿಜ, ಹಾಲಿನ ಮಾತು ಸುಳ್ಳು. ಜಿಐ ಮೇಲಿನ ಸತು ಉರಿದು ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ. ಹಾಲು, ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಜೋಡಿಸುವ ಜಾಗದ ಎರಡೂ ಬದಿ ಎರಡು ಮೂರು ಸೆಂಟಿಮೀಟರ್ ಸತು ಕಿತ್ತು ತೆಗೆಯಿರಿ, ಬಯಲಲ್ಲಿ ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು ಕೆಲಸ ಮಾಡಿ. ಮುಗಿದ ಮೇಲೆ ಅಲ್ಲಿಗೆ ಸತುವಿನ ಪ್ರೈಮರ್ ಬಳಿಯಿರಿ.

ಬಾಡಿಗೆ ಮನೆ, ಅಪಾರ್ಟ್‌ಮೆಂಟ್. ಬಾಲ್ಕನಿಯಲ್ಲಿ ಮಾಡಬಹುದಾ?

ಬಾಲ್ಕನಿ ಬೇಡ. ಕಿಡಿ ಕೆಳಗಿನ ಮನೆಯ ಒಣಗಿದ ಬಟ್ಟೆಗೆ, ಮ್ಯಾಟ್‌ಗೆ ಹಾರುತ್ತದೆ. ಅಸೋಸಿಯೇಷನ್ ಒಪ್ಪಿದರೆ ಟೆರೇಸು, ಇಲ್ಲದಿದ್ದರೆ ಗೆಳೆಯರ ಶೆಡ್ಡು. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ, ಎಲ್ಲಾದರೂ ಹೊಗೆ ಆಡುತ್ತಿದೆಯಾ ನೋಡಿ. ಪಕ್ಕದಲ್ಲಿ ಬಕೆಟ್ ಮರಳು ಇರಲಿ. ಮೈಮೇಲೆ ಹತ್ತಿ ಬಟ್ಟೆ, ಕಾಲಿಗೆ ಶೂ. ನೈಲಾನ್ ಟಿ ಶರ್ಟು, ಚಪ್ಪಲಿ ಬೇಡವೇ ಬೇಡ.

ಮಳೆಗಾಲದಲ್ಲಿ ಮಷಿನ್, ರಾಡ್ ಹೇಗೆ ಇಟ್ಟುಕೊಳ್ಳೋದು?

ಶಿವಮೊಗ್ಗ, ಕೊಡಗು, ಕರಾವಳಿ ಕಡೆಯವರು ಇದನ್ನು ತಪ್ಪದೇ ಕೇಳುತ್ತಾರೆ. ಒಡೆದ ಪೊಟ್ಟಣದ ರಾಡನ್ನು ಗಾಳಿ ಆಡದ ಮುಚ್ಚಳದ ಡಬ್ಬಿಗೆ ಹಾಕಿ. ತೇವ ಹಿಡಿದ 6013 ರಾಡ್ ಜಾಸ್ತಿ ಸಿಡಿಯುತ್ತದೆ, ಮೇಲಿನ ಲೇಪ ಉದುರುತ್ತದೆ. 100 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆಗೆ ಬಳಸುವ ಓವನ್‌ನಲ್ಲಿ ಮಾತ್ರ ಇಡಬೇಡಿ. ಮಷಿನ್ನನ್ನು ನೆಲಕ್ಕಿಡದೆ ಹಲಗೆ ಮೇಲಿಡಿ. ಹಿಂದಿನ ಫ್ಯಾನ್ ಜಾಲರಿಯಿಂದ ಗ್ರೈಂಡಿಂಗ್ ಪುಡಿ ಒಳಗೆ ಹೋಗಿ ಬೋರ್ಡಿನ ಮೇಲೆ ಕೂರುತ್ತದೆ, ಅದಕ್ಕೆ ತೇವ ಸೇರಿದರೆ ಶಾರ್ಟ್. ಆದ್ದರಿಂದ ಗ್ರೈಂಡರ್ ಹಿಡಿಯುವಾಗ ಮಷಿನ್ ದೂರ ಇರಲಿ, ಎರಡು ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಬ್ಲೋವರ್‌ನಿಂದ ಊದಿ. ಮಳೆ ಬರುವಾಗ, ನೆಲ ಒದ್ದೆ ಇದ್ದಾಗ ಕೆಲಸವೇ ಬೇಡ.

## ಸ್ವಲ್ಪ ಕೈ ಪಳಗಿದವರಿಗೆ

ತೋಟದಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಜನರೇಟರ್ ತಂದ್ರೆ ಎಷ್ಟು ಕೆವಿಎ ಬೇಕು?

2.5 ರಾಡ್ ಉರಿಸೋಕೆ ಮಷಿನ್ 3.3 ಕೆವಿಎ ಆಸುಪಾಸು ಕೇಳುತ್ತದೆ, ಹಾಗಾಗಿ 5 ಕೆವಿಎ ಜನರೇಟರ್ ಇರಲಿ. ಮದುವೆ ಮನೆಯ ಲೈಟಿಗೆ ಬಾಡಿಗೆಗೆ ಕೊಡುವ 2 ಕೆವಿಎ ಸಾಲದು. ಲೈನ್ ಮೇಲೆಯೇ ಓಡಿಸುವುದಾದರೆ ಪಂಪ್‌ಸೆಟ್‌ಗೆ ತ್ರೀ ಫೇಸ್ ಬಿಟ್ಟ ಹೊತ್ತು ತಪ್ಪಿಸಿ, ಆಗ ಎಲ್ಲರ ಮೋಟಾರೂ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಕುಸಿಯುತ್ತದೆ. ಮಷಿನ್ ಕೊಳ್ಳುವಾಗಲೇ 160 ವೋಲ್ಟಿನವರೆಗೆ ತಡೆಯುತ್ತದಾ ಅಂತ ಪಟ್ಟಿಯಲ್ಲಿ ನೋಡಿ. ಪಂಪ್ ಸ್ಟಾರ್ಟರಿನಿಂದ ಎರಡು ಫೇಸ್ ತೆಗೆದು 230 ವೋಲ್ಟ್ ಮಷಿನ್‌ಗೆ ಕೊಟ್ಟರೆ ಆ ಕ್ಷಣವೇ ಬೋರ್ಡು ಸುಡುತ್ತದೆ.

7018 ರಾಡ್ ಗಟ್ಟಿ ಅಂತಾರೆ, ಎಲ್ಲದಕ್ಕೂ ಅದನ್ನೇ ಹಾಕಲಾ? ಪ್ಲಸ್ ಮೈನಸ್ ಯಾವುದು ಎಲ್ಲಿಗೆ?

ಗೇಟು, ಬೆಂಚಿಗೆ 6013 ಧಾರಾಳ ಸಾಕು. 7018 ಭಾರ ಹೊರುವ, ಅದುರುವ ಜಾಗಕ್ಕೆ: ಟ್ರೇಲರ್ ಕೊಂಡಿ, ನೇಗಿಲು. ಆದರೆ ಅದಕ್ಕೆ ತೇವ ಆಗಿಬರುವುದಿಲ್ಲ. ತೆರೆದಿಟ್ಟ ರಾಡನ್ನು 300ರಿಂದ 350 ಡಿಗ್ರಿಯಲ್ಲಿ ಕಾಯಿಸದೇ ಬಳಸಿದರೆ ಅದನ್ನು ಹಾಕಿಯೂ ಪ್ರಯೋಜನ ಇಲ್ಲ, ಮನೆಯಲ್ಲಿ ಅಷ್ಟು ಬಿಸಿ ಮಾಡುವುದು ಎಲ್ಲಿ? ಸಣ್ಣ ಪೊಟ್ಟಣ ತಂದು ಅವತ್ತೇ ಮುಗಿಸಿ. 7018ಕ್ಕೆ ಹೋಲ್ಡರ್ ಪ್ಲಸ್‌ಗೆ, ಅರ್ಥ್ ಮೈನಸ್‌ಗೆ. 6013 ಎರಡೂ ಕಡೆ ಉರಿಯುತ್ತದೆ, ತೆಳು ಪೈಪ್‌ಗೆ ಹೋಲ್ಡರನ್ನು ಮೈನಸ್‌ಗೆ ಹಾಕಿ ನೋಡಿ, ತೂತು ಬೀಳುವುದು ಕಡಿಮೆಯಾಗುತ್ತದೆ.

ಇದೇ ಮಷಿನ್‌ನಲ್ಲಿ ಸ್ಟೀಲ್, ಬೀಡು, ಅಲ್ಯೂಮಿನಿಯಂ ಮಾಡಬಹುದಾ?

ಸ್ಟೇನ್‌ಲೆಸ್ ಸ್ಟೀಲ್ ಆಗುತ್ತದೆ, 304 ಇದ್ದರೆ 308ಎಲ್ ರಾಡ್. ಹೊಗೆಯಲ್ಲಿ ಕ್ರೋಮಿಯಂ ಇರುತ್ತದೆ, ಮಾಸ್ಕ್ ಬೇಕೇ ಬೇಕು. ಬೀಡು ಆಗುತ್ತದೆ, ಆದರೆ ತಾಳ್ಮೆ ಬೇಡುವ ಕೆಲಸ: ನಿಕಲ್ ರಾಡ್, ಒಂದು ಸಲಕ್ಕೆ ಒಂದು ಇಂಚು, ಮೆಲ್ಲಗೆ ಸುತ್ತಿಗೆ ತಟ್ಟಿ, ಕೊನೆಗೆ ಬೂದಿಯಲ್ಲಿ ಹುದುಗಿಸಿ ನಿಧಾನ ಆರಿಸಬೇಕು. ಬೇಗ ಆರಿದರೆ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಬಿಡಿ. ಅದರ ಮೇಲಿನ ಆಕ್ಸೈಡ್ ಪದರ ಕರಗೋಕೆ 2,000 ಡಿಗ್ರಿ ದಾಟಬೇಕು, ಒಳಗಿನ ಲೋಹ 660ಕ್ಕೇ ನೀರಾಗುತ್ತದೆ. ಅದಕ್ಕೆ ಎಸಿ ಟಿಗ್ (ಕರಗದ ಟಂಗ್‌ಸ್ಟನ್ ಮೊನೆಯಿಂದ ಗ್ಯಾಸಿನ ಆಸರೆಯಲ್ಲಿ ವೆಲ್ಡ್ ಮಾಡುವ) ಮಷಿನ್ ಬೇಕು. ಆರ್ಕ್ ಮಷಿನ್ ಮೇಲೆ ಲಿಫ್ಟ್ ಟಿಗ್ ಅಂತ ಬರೆದಿದ್ದರೂ ಅದು ಡಿಸಿ, ಅಲ್ಯೂಮಿನಿಯಂಗೆ ಬರುವುದಿಲ್ಲ.

ಯಾವುದನ್ನು ಮುಟ್ಟಲೇಬಾರದು?

ಖಾಲಿ ಡ್ರಮ್, ಪೆಟ್ರೋಲ್ ಟ್ಯಾಂಕ್, ಗ್ಯಾಸ್ ಸಿಲಿಂಡರ್. ಡ್ರಮ್ ವರ್ಷದಿಂದ ಖಾಲಿ ಇದೆ, ವಾಸನೆಯೂ ಇಲ್ಲ ಅನ್ನುತ್ತಾರೆ. ತಳದ ಮಡಿಕೆಯಲ್ಲಿ ಅಂಟಿಕೊಂಡ ಒಂದು ಚಮಚ ದ್ರವ ಬಿಸಿಗೆ ಆವಿಯಾದರೆ ಮುಚ್ಚಿದ ಡ್ರಮ್ ಬಾಂಬ್ ಆಗುತ್ತದೆ. ಬ್ರೇಕ್ ಕ್ಲೀನರ್ ಹಾಕಿ ಒರೆಸಿದ ಲೋಹವನ್ನೂ ವೆಲ್ಡ್ ಮಾಡಬೇಡಿ, ಕ್ಲೋರಿನ್ ಇರುವ ಕ್ಲೀನರ್ ಆರ್ಕಿಗೆ ಸಿಕ್ಕರೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಬೈಕಿನ ಚಾಸಿಸ್, ಸ್ಟೀರಿಂಗ್ ಭಾಗ ಬಲ್ಲವರಿಗೇ ಬಿಡಿ. ಗಾಡಿಯ ಬೇರೆ ಭಾಗ ವೆಲ್ಡ್ ಮಾಡುವಾಗಲೂ ಬ್ಯಾಟರಿ ಮೈನಸ್ ಕಳಚಿ, ಅರ್ಥ್ ಕ್ಲ್ಯಾಂಪನ್ನು ವೆಲ್ಡ್ ಜಾಗದ ಪಕ್ಕದಲ್ಲೇ ಹಾಕಿ. ಎಲ್ಲೋ ದೂರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಹಾಳು ಮಾಡುತ್ತದೆ. ಪೇಸ್‌ಮೇಕರ್ ಇರುವವರು ಹೃದಯದ ಡಾಕ್ಟರನ್ನು ಕೇಳದೆ ಮಷಿನ್ ಹತ್ತಿರವೂ ನಿಲ್ಲಬಾರದು.

ಸರಿಯಾಗಿ ಎಲ್ಲಿ ಕಲಿಯಬಹುದು?

ಐಟಿಐಗಳಲ್ಲಿ ವೆಲ್ಡರ್ ಕೋರ್ಸ್ ಒಂದು ವರ್ಷದ್ದು. ಹವ್ಯಾಸಕ್ಕೆ ಅಷ್ಟು ಬೇಡ ಅಂದರೆ ನಿಮ್ಮೂರಿನ ಗ್ರಿಲ್ ಅಂಗಡಿಯ ಮೇಸ್ತ್ರಿಯನ್ನು ಕೇಳಿ. ಕೆಲಸ ಕಡಿಮೆ ಇರುವ ದಿನ ನಿಮ್ಮ ಮಷಿನ್, ನಿಮ್ಮ ರಾಡ್, ನಿಮ್ಮ ಹೆಲ್ಮೆಟ್ ಹಿಡಿದು ಹೋಗಿ, ಅವರ ಸಮಯಕ್ಕೆ ದುಡ್ಡು ಕೊಡಿ. ನೀವು ಎಳೆದ ಗೆರೆ ನೋಡಿ ಎಲ್ಲಿ ಬೇಗ ಹೋದಿರಿ, ಎಲ್ಲಿ ತಡೆದಿರಿ ಅಂತ ಅವರು ಕೂತಲ್ಲಿಂದಲೇ ಹೇಳುತ್ತಾರೆ. ವಿಡಿಯೋ ನೋಡಿ ಆ ಮಾತು ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಇನ್ವರ್ಟರ್ ಮಷಿನ್ ತಗೋಬಹುದಾ?

ತಗೋಬಹುದು, ಉರಿಸಿ ನೋಡಿ ತಗೊಳ್ಳಿ. 90 ಆಂಪ್‌ಗೆ ಇಟ್ಟು ಐದಾರು ರಾಡ್ ಸಾಲಾಗಿ ಉರಿಸಿ. ನಡುವೆ ಬಿಸಿ ಮೀರಿತು ಅನ್ನುವ ಹಳದಿ ದೀಪ ಹತ್ತಿ ನಿಂತರೆ ಫ್ಯಾನ್ ಅಥವಾ ಬೋರ್ಡ್ ದಣಿದಿದೆ. ಮುಂದಿನ ಸಾಕೆಟ್ ಸುತ್ತ ಪ್ಲಾಸ್ಟಿಕ್ ಕಂದಿದ್ದರೆ, ಕರಗಿದ್ದರೆ ಕೇಬಲ್ ಸಡಿಲ ಇಟ್ಟು ದುಡಿಸಿದ್ದಾರೆ. ಸ್ಕ್ರೂ ತಲೆಗಳು ಉಜ್ಜಿಹೋಗಿದ್ದರೆ ಒಳಗೆ ಯಾರೋ ಕೈಯಾಡಿಸಿದ್ದಾರೆ. ಹೊಸದರ ಅರ್ಧಕ್ಕಿಂತ ಜಾಸ್ತಿ ಕೇಳಿದರೆ ವಾರಂಟಿ ಇರುವ ಹೊಸದನ್ನೇ ತನ್ನಿ.